ನಾಟಿ ಕಾಲಕ್ಕೆ ಬೆನ್ನಿನ ಸಿದ್ಧತೆ



ಮಳೆ ಹಿಡಿದೊಡನೆ ಸಸಿಮಡಿ, ಗೊಬ್ಬರ, ಆಳು ಎಲ್ಲವೂ ಸಿದ್ಧವಾಗುತ್ತವೆ. ಈ ಕೆಲಸವನ್ನೆಲ್ಲ ಹೊರಬೇಕಾದ ಬೆನ್ನಿನ ಕಡೆ ಮಾತ್ರ ಗಮನ ಹೋಗುವುದಿಲ್ಲ. ನಾಟಿಯ ನಡುವೆ ಸೊಂಟ ಹಿಡಿದು ಒಬ್ಬರು ಮನೆಯಲ್ಲಿ ಉಳಿದರೆ ಅವರ ಕೂಲಿ ಹೋಗುತ್ತದೆ. ಇತ್ತ ಮಡಿಯಲ್ಲಿ ಸಸಿಯ ವಯಸ್ಸು ಮೀರುತ್ತದೆ.

ಬೆನ್ನುಮೂಳೆಯಲ್ಲಿ ಪಕ್ಕೆಲುಬುಗಳು ಕೂಡಿಕೊಂಡಿರುವ ಮೇಲ್ಭಾಗದಲ್ಲಿ 12 ಮಣಿಗಳೂ ಸೊಂಟದಲ್ಲಿ 5 ಮಣಿಗಳೂ ಇವೆ. ಎಡಬಲಕ್ಕೆ ತಿರುಗುವ ಕೆಲಸ ಹೆಚ್ಚಾಗಿ ಮೇಲಿನ ಮಣಿಗಳದು. ಸೊಂಟದ ಮಣಿಗಳು ಭಾರ ಹೊರುತ್ತವೆ, ಬಾಗುತ್ತವೆ. ಆದರೆ ಹೆಚ್ಚು ತಿರುಗಲಾರವು. ದಿನವಿಡೀ ಬಗ್ಗಿ ದುಡಿದು ಮೇಲ್ಬೆನ್ನು ಬಿಗಿದುಕೊಂಡರೆ ಅದರ ಪಾಲಿನ ಕೆಲಸವೂ ಸೊಂಟದ ಮೇಲೆ ಬೀಳುತ್ತದೆ. ಗಾಡಿಯ ಚಕ್ರ ಸಲೀಸಾಗಿ ತಿರುಗಬೇಕು, ಅಚ್ಚು ಗಟ್ಟಿಯಾಗಿರಬೇಕು. ಬೆನ್ನಿಗೂ ಇದೇ ಮಾತು.

ಇದಕ್ಕೆ ಮೂರು ಸುಲಭ ವ್ಯಾಯಾಮಗಳಿವೆ. ಜಗಲಿಯ ಮೇಲೊಂದು ಕಂಬಳಿ ಹಾಸಿದರೆ ಸಾಕು.

1. ಮೇಲ್ಬೆನ್ನು ತಿರುಗಿಸುವುದು: ಅಂಗೈ ಮತ್ತು ಮಂಡಿಗಳನ್ನು ನೆಲಕ್ಕೆ ಊರಿ. ಬಲಗೈಯನ್ನು ತಲೆಯ ಹಿಂದೆ ಇಟ್ಟು, ಮೊಣಕೈಯನ್ನು ಎಡಗೈಯ ಕಡೆಗೆ ತಂದು, ಅನಂತರ ನಿಧಾನವಾಗಿ ಸೂರಿನ ಕಡೆಗೆ ತಿರುಗಿಸಿ. ಸೊಂಟ ಅಲುಗಬಾರದು. ಪ್ರತಿ ಬದಿಗೆ 8 ಸಲ.

2. ಕೈಕಾಲು ಚಾಚುವುದು: ಅದೇ ಭಂಗಿಯಲ್ಲಿ ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ 8ರಿಂದ 10 ಸೆಕೆಂಡು ಹಿಡಿಯಿರಿ. ಉಸಿರು ಕಟ್ಟಬಾರದು. ಸೊಂಟದ ಮೇಲೆ ತುಂಬಿದ ಚೊಂಬು ಇಟ್ಟರೂ ನೀರು ತುಳುಕದಷ್ಟು ಸ್ಥಿರವಾಗಿರಬೇಕು. ಪ್ರತಿ ಬದಿಗೆ 5 ಸಲ.

3. ಸೊಂಟ ಎತ್ತುವುದು: ಅಂಗಾತ ಮಲಗಿ, ಮಂಡಿ ಮಡಿಸಿ, ಪಾದಗಳನ್ನು ಊರಿ ಸೊಂಟವನ್ನು ಮೇಲೆತ್ತಿ 5 ಸೆಕೆಂಡು ನಿಲ್ಲಿಸಿ ಇಳಿಸಿ. 10 ಸಲ.

ನಾಟಿಗೆ ಕೆಲವು ವಾರ ಮೊದಲೇ ಇವನ್ನು ಆರಂಭಿಸಿ, ದಿನವೂ ಮಾಡುವುದು ಒಳ್ಳೆಯದು.

ರಾತ್ರಿ ಮಲಗಿದಾಗ ಮಣಿಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಪೂರ್ತಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಆದ್ದರಿಂದ ಎದ್ದೊಡನೆ ನಾಟಿಗೆ ಬಗ್ಗದೆ ಸ್ವಲ್ಪ ಹೊತ್ತು ಓಡಾಡಬೇಕು. ಗದ್ದೆಯಲ್ಲಿ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಅಂಗೈಗಳನ್ನು ಸೊಂಟಕ್ಕೆ ಊರಿ, ನಿಧಾನವಾಗಿ ಹಿಂದಕ್ಕೆ ಬಾಗಬೇಕು. ಸಾಲು ನಾಟಿ ಮಾಡಿದರೆ ಕೋನೋವೀಡರ್‌ನಿಂದ ನಿಂತೇ ಕಳೆ ತೆಗೆಯಬಹುದು.

ಯೂರಿಯಾ ಚೀಲದ ತೂಕ 2018ರಲ್ಲಿ 50ರಿಂದ 45 ಕಿಲೋಗೆ ಇಳಿದಿದೆ. ಆದರೂ ಅದು ಒಬ್ಬರಿಗೆ ಹೆಚ್ಚಿನ ಭಾರವೇ. ಇಬ್ಬರು ಸೇರಿ, ಮಂಡಿ ಮಡಿಸಿ, ಚೀಲವನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು.

ವ್ಯಾಯಾಮದಿಂದ ನೋವು ಹೆಚ್ಚಾದರೆ ನಿಲ್ಲಿಸಿ. ಕಾಲು ಜೋಮು ಹಿಡಿದರೆ ಅಥವಾ ನೋವು ಮಂಡಿಯ ಕೆಳಗೆ ಇಳಿದರೆ ವೈದ್ಯರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎತ್ತಿನ ಹೆಗಲು ಹುಣ್ಣಾದರೆ ರೈತ ನೊಗ ಇಳಿಸುತ್ತಾನೆ. ತನ್ನ ಬೆನ್ನಿಗೂ ತನ್ನ ಗದ್ದೆಯಲ್ಲಿ ದುಡಿಯುವವರ ಬೆನ್ನಿಗೂ ಅಷ್ಟೇ ಕಾಳಜಿ ತೋರಿಸಿದರೆ ನಾಟಿ ಸಕಾಲಕ್ಕೆ ಮುಗಿಯುತ್ತದೆ.