ತರಗತಿಯ ಪರದೆ, ಗೋಡೆಯ ಫಲಕ

(ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ತರಗತಿ ಬೋಧನೆಯಲ್ಲಿ ದೃಶ್ಯ-ಶ್ರವಣ ಸಾಧನಗಳು ಮತ್ತು ಪ್ರದರ್ಶನ ಫಲಕಗಳು’. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನನ್ನು ಕರೆದರೆ ದೊಡ್ಡ ಪರದೆಯ ಪರವಾಗಿ ಮಾತಾಡುತ್ತಾನೆ ಎಂದು ಸಂಘಟಕರು ಎಣಿಸಿರಬೇಕು. ಪರದೆಯನ್ನು ಬೈಯಲು ನಾನು ಬಂದಿಲ್ಲ. ಅದರಿಂದಲೇ ನನ್ನ ಮನೆ ನಡೆಯುತ್ತದೆ. ಆದರೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೂಡಿಸಿದ ಹಣವನ್ನು ಯಾವುದಕ್ಕೆ ಬಳಸಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂದೇ ಒಂದು ದೊಡ್ಡ ಸ್ಮಾರ್ಟ್ ಬೋರ್ಡ್ ತರೋಣ ಎಂಬುದು ಹಲವರ ಒಲವು. ಕೈಯೆತ್ತುವ ಮೊದಲು ನಾಲ್ಕು ಮಾತು ಕೇಳಿ ಎಂದು ವಿನಂತಿ.

ತರಗತಿಗೆ ಯಂತ್ರ ತರುವ ಆಸೆ ನಮ್ಮ ಕಾಲದ್ದೇನೂ ಅಲ್ಲ. ನಮ್ಮ ಶಾಲೆ ಆರಂಭವಾದ 1975ರಲ್ಲೇ, ಆಗಸ್ಟ್ 1ರಂದು, ಇಸ್ರೋ ಸಂಸ್ಥೆ ‘ಸೈಟ್’ ಎಂಬ ಪ್ರಯೋಗ ಶುರುಮಾಡಿತು. ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ದೊರೆತ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ನಮ್ಮ ಅಂದಿನ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯದ ಮಾತು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮುಂದೆ 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಕರ್ನಾಟಕದ ಶಾಲೆಗಳೂ ಅದರ ಪಾಠ ಕಂಡವು. ಅದರ ಆಯಸ್ಸೂ ಮುಗಿಯಿತು. ಈಗ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ‘ದೀಕ್ಷಾ’ ತಾಣದ ವಿಡಿಯೊ ತೆರೆಯುತ್ತದೆ. ಈ ಐವತ್ತು ವರ್ಷದಲ್ಲಿ ಯಂತ್ರಗಳು ಬಂದವು, ಹೋದವು. ಪಾಠ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಗುರುಗಳು ಇದ್ದರು.

ಹಾಗಾದರೆ ಸಾಧನ ಯಾವಾಗ ಬೇಕು? ತರಗತಿಯೊಳಗೆ ತರಲಾಗದ್ದನ್ನು ತೋರಿಸಲು ಬೇಕು. ಬಡಿಯುವ ಹೃದಯದೊಳಗೆ ಕವಾಟ ತೆರೆದು ಮುಚ್ಚುವುದು, ಒಂದು ಜೀವಕೋಶ ಎರಡಾಗುವುದು, ಜ್ವಾಲಾಮುಖಿ ಉಗುಳುವುದು: ಇವನ್ನು ಸೀಮೆಸುಣ್ಣದಿಂದ ಎಷ್ಟು ಬರೆದರೂ ಚಲನೆ ಕಾಣದು. ಎರಡು ನಿಮಿಷದ ವಿಡಿಯೊ ಸಾಕು. ಆದರೆ ದಾಸವಾಳದ ಹೂವಿನ ಭಾಗಗಳನ್ನು ಪರದೆಯ ಮೇಲೆ ತೋರಿಸುವುದೇಕೆ? ಗಿಡ ಶಾಲೆಯ ಅಂಗಳದಲ್ಲೇ ಇದೆ. ನಮ್ಮ ವಿಜ್ಞಾನದ ಸರ್ ಬೆಂಚಿಗೊಂದು ಹೂ, ಅರ್ಧ ಬ್ಲೇಡು ಕೊಟ್ಟು ನಮ್ಮಿಂದಲೇ ಸೀಳಿಸುತ್ತಿದ್ದರು. ಬೆರಳಿಗೆ ಅಂಟಿದ ಪರಾಗ ಮರೆತುಹೋಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ: ಚಿತ್ರ ತಪ್ಪನ್ನೂ ಕಲಿಸಬಲ್ಲದು. ಋತುಗಳ ಚಾರ್ಟಿನಲ್ಲಿ ಭೂಮಿ ಸುತ್ತುವ ದಾರಿಯನ್ನು ಉದ್ದನೆಯ ಮೊಟ್ಟೆಯಂತೆ ಬರೆದಿರುತ್ತಾರೆ. ಅದನ್ನು ನೋಡಿದ ಮಗು ‘ಸೂರ್ಯನ ಹತ್ತಿರ ಹೋದಾಗ ಬೇಸಿಗೆ’ ಎಂದುಕೊಳ್ಳುತ್ತದೆ. ನಿಜವಾಗಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನಾವು ಚಳಿಗೆ ಕಂಬಳಿ ಹೊದ್ದಾಗ! ಆಗ ದೂರ ಸುಮಾರು 14.7 ಕೋಟಿ ಕಿ.ಮೀ.; ಜುಲೈ ಮೊದಲ ವಾರದಲ್ಲಿ ಸುಮಾರು 15.2 ಕೋಟಿ. ಆ ದಾರಿ ಹೆಚ್ಚುಕಡಿಮೆ ದುಂಡಗೇ ಇದೆ. ಓರೆಯಾಗಿ ನೋಡಿದಂತೆ ಬರೆದದ್ದರಿಂದ ಉದ್ದ ಕಾಣುತ್ತದೆ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಚಾರ್ಟು ಇದನ್ನು ತಾನೇ ಹೇಳದು. ಪಕ್ಕದಲ್ಲಿ ಗುರುಗಳು ನಿಂತು ‘ಜನವರಿಯಲ್ಲಿ ಚಳಿ ಏಕೆ?’ ಎಂದು ಕೇಳಬೇಕು.

ಸೌರವ್ಯೂಹದ ಚಾರ್ಟೂ ಹೀಗೆಯೇ. ಗ್ರಹಗಳು ಲಡ್ಡುಗಳಂತೆ ಸಾಲಾಗಿ ಕುಳಿತಿರುತ್ತವೆ. ಸೂರ್ಯನ ಅಗಲ ಭೂಮಿಯ 109 ಪಟ್ಟು. ಈ ವೇದಿಕೆಯ ಮೇಲೆ ಸೂರ್ಯನೆಂದು ಒಂದು ಫುಟ್‌ಬಾಲ್ ಇಟ್ಟರೆ ಭೂಮಿ ಎರಡು ಮಿಲಿಮೀಟರಿನ ಸಾಸಿವೆ ಕಾಳು. ಅದನ್ನು ಸುಮಾರು 24 ಮೀಟರ್ ದೂರ ಇಡಬೇಕು. ನೆಪ್ಚೂನ್ ಗ್ರಹವನ್ನು ಇಡಲು 700 ಮೀಟರ್ ನಡೆಯಬೇಕು. ಇದನ್ನು ಯಾವ ಸ್ಮಾರ್ಟ್ ಬೋರ್ಡೂ ತೋರಿಸಲಾರದು. ನಮ್ಮ ಆಟದ ಮೈದಾನ, ಅದರಾಚೆಯ ಹೊಲದ ದಾರಿ ತೋರಿಸಬಲ್ಲವು. ಗೋಷ್ಠಿ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ನನ್ನ ಜೊತೆ ಬನ್ನಿ, ಅಳೆದು ನೋಡೋಣ.

ಇನ್ನು ಬಳಸುವ ರೀತಿ. ನಮ್ಮ ಇಂಗ್ಲಿಷ್ ಸರ್ ಮನೆಯಿಂದ ಟೇಪ್‌ರೆಕಾರ್ಡರ್ ತರುತ್ತಿದ್ದರು. ಒಂದು ವಾಕ್ಯ ಕೇಳಿಸಿ ಗುಂಡಿ ಒತ್ತಿ ನಿಲ್ಲಿಸುವರು. ‘ಮುಂದೆ ಏನಂದಿರಬಹುದು?’ ಎಂದು ಕೇಳುವರು. ನಾವು ಊಹಿಸಿದ ಮೇಲೆಯೇ ಮತ್ತೆ ಗುಂಡಿ. ಹತ್ತು ನಿಮಿಷದ ಕ್ಯಾಸೆಟ್ಟಿಗೆ ಇಡೀ ಪೀರಿಯಡ್ ಹಿಡಿಯುತ್ತಿತ್ತು. ಇಂದಿನ ವಿಡಿಯೊಕ್ಕೂ ಇದೇ ಸೂತ್ರ: ತೋರಿಸುವ ಮೊದಲು ಒಂದು ಪ್ರಶ್ನೆ, ನಡುವೆ ನಿಲ್ಲಿಸಿ ಒಂದು ಊಹೆ, ಕೊನೆಗೆ ನೋಡಿದ್ದನ್ನು ಮಕ್ಕಳೇ ಚಿತ್ರ ಬರೆದು ವಿವರಿಸುವುದು. ನಲವತ್ತು ನಿಮಿಷ ಬಿಡದೆ ಓಡಿಸಿದರೆ ಅದು ಸಿನಿಮಾ.

ಪರದೆ ಆರಿದ ಮೇಲೆ ಅದರ ಮೇಲಿನದೆಲ್ಲ ಹೋಗುತ್ತದೆ. ಗೋಡೆಯ ಫಲಕ ಹಗಲೆಲ್ಲ ಇರುತ್ತದೆ, ಕರೆಂಟು ಕೇಳುವುದಿಲ್ಲ. ನೀರು ಕುಡಿಯಲು ಹೋಗುವಾಗ, ಮಳೆಗೆ ಒಳಗೆ ನಿಂತಾಗ ಕಣ್ಣು ಅದರ ಮೇಲೆ ಬೀಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯ ಕೊಠಡಿಯನ್ನು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ನೀವೆಲ್ಲ ನೋಡಿದ್ದೀರಿ. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಗೋಡೆಯ ಸುತ್ತ ಕರಿಹಲಗೆ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ತೂಗುಹಾಕಿದ ಕಲಿಕಾ ಚಪ್ಪರ. ಆ ಮಕ್ಕಳೇ ದೊಡ್ಡವರಾಗಿ ಪ್ರೌಢಶಾಲೆಗೆ ಬಂದರೆ ಗೋಡೆ ಖಾಲಿ! ಹದಿನಾಲ್ಕು ವರ್ಷದವರಿಗೆ ತಮ್ಮ ಕೆಲಸ ಗೋಡೆ ಏರಿದ್ದನ್ನು ನೋಡುವ ಆಸೆ ಇರುವುದಿಲ್ಲವೇ?

ಒಂದು ಮಾತು ತಮಾಷೆಯಾಗಿ ಹೇಳುತ್ತೇನೆ, ದಾನಿಗಳು ಬೇಸರಿಸಬಾರದು. ಶಾಲೆಗಳಲ್ಲಿ ಎಂದೂ ಅಳಿಸದ, ಎಂದೂ ಬದಲಾಗದ ಫಲಕವೆಂದರೆ ದಾನಿಗಳ ಹೆಸರಿನ ಕಲ್ಲಿನ ಫಲಕ. ಪಾಠದ ಫಲಕ ಹಾಗಿರಬಾರದು. ಹದಿನೈದು ದಿನಕ್ಕೊಮ್ಮೆ ಬದಲಾಗಬೇಕು. ತಿಂಗಳುಗಟ್ಟಲೆ ತೂಗಿದ ಚಾರ್ಟನ್ನು ಯಾರೂ ಓದುವುದಿಲ್ಲ, ಗೋಡೆಯ ಬಣ್ಣದಂತೆ ಆಗಿಬಿಡುತ್ತದೆ. ಒಂದು ಫಲಕಕ್ಕೆ ಒಂದೇ ವಿಷಯ. ಅಕ್ಷರ ಸಾಕಷ್ಟು ದೊಡ್ಡದಿದೆಯೇ ಎಂದು ಕೊನೆಯ ಬೆಂಚಿನ ಹುಡುಗಿಯಿಂದ ಓದಿಸಿ ನೋಡಬೇಕು. ಕೆಂಪು, ಹಸಿರು ಬೇರೆ ಕಾಣದ ಮಕ್ಕಳೂ ಇರುತ್ತಾರೆ; ಆದ್ದರಿಂದ ಬಣ್ಣದ ಜೊತೆ ಗುರುತೂ ಇರಲಿ. ಎಲ್ಲಕ್ಕಿಂತ ಮುಖ್ಯ, ಬರೆಯುವವರು ಮಕ್ಕಳೇ ಆಗಿರಲಿ. ದಿನದ ಮಳೆ ಎಷ್ಟು, ಬಾವಿಯ ನೀರಿನ ಮಟ್ಟ ಎಷ್ಟು, ಎಪಿಎಂಸಿಯಲ್ಲಿ ತೊಗರಿ ದರ ಎಷ್ಟು ಎಂದು ತಿಂಗಳಿಡೀ ಬರೆದರೆ ಗಣಿತದ ನಕ್ಷೆ ತಾನಾಗಿಯೇ ಸಿದ್ಧ. ಅಂಥ ಫಲಕವನ್ನು ನಮ್ಮ ತಂದೆ-ತಾಯಂದಿರೂ ನಿಂತು ಓದುತ್ತಾರೆ.

ಈಗ ಹಣದ ಮಾತು. ನಮ್ಮ ಉದ್ಯೋಗದಲ್ಲಿ ಒಂದು ಅನುಭವದ ಮಾತಿದೆ: ಕಟ್ಟುವುದಕ್ಕಿಂತ ನಡೆಸಿಕೊಂಡು ಹೋಗುವ ಖರ್ಚು ದೊಡ್ಡದು. ಉದ್ಘಾಟನೆಯ ರಿಬ್ಬನ್‌ಗೆ ಹಣವಿದ್ದು ಮರುವರ್ಷದ ರಿಪೇರಿಗೆ ಇಲ್ಲದಿದ್ದರೆ ಯಂತ್ರ ಬೀರು ಸೇರುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು. ಒಂದು ಸಾಧಾರಣ ಪ್ರೊಜೆಕ್ಟರ್, ಒಳ್ಳೆಯ ಸ್ಪೀಕರ್, ಒಂದು ಯುಪಿಎಸ್, ಕಿಟಕಿಗೆ ದಪ್ಪ ಪರದೆ ಬಟ್ಟೆ. ನೆಟ್‌ವರ್ಕ್ ನಂಬದೆ, ವಿಡಿಯೊಗಳನ್ನು ಮೊದಲೇ ಇಳಿಸಿಟ್ಟ ಒಂದು ಲ್ಯಾಪ್‌ಟಾಪ್. ಪ್ರತಿ ಕೊಠಡಿಗೂ ಪಿನ್ ಚುಚ್ಚುವ ಒಂದು ಫಲಕ, ವರ್ಷಕ್ಕೆ ಬೇಕಾಗುವ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು. ಉಳಿದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಬಡ್ಡಿ ದುರಸ್ತಿಗೆ. ಯಾವ ಪಾಠಕ್ಕೆ ಏನು ಬೇಕೆಂಬ ಪಟ್ಟಿಯನ್ನು ಕೊಡುವವರು ನಾವಲ್ಲ, ಪಾಠ ಮಾಡುವ ಗುರುಗಳು. ಆನ್‌ಲೈನ್ ಮಾಹಿತಿ ತುಂಬುವುದರಲ್ಲೇ ಅವರ ಎಷ್ಟೋ ಹೊತ್ತು ಹೋಗುತ್ತದೆ. ವಿಡಿಯೊ ಹುಡುಕಿ, ಇಳಿಸಿ, ಅಧ್ಯಾಯವಾರು ಜೋಡಿಸಿ ಕೊಡುವ ಕೆಲಸವನ್ನು ನನ್ನಂಥ ನಾಲ್ವರು ಎಂಜಿನಿಯರುಗಳು ವಹಿಸಿಕೊಳ್ಳಬಹುದು. ನಾನು ಹೆಸರು ಕೊಟ್ಟಿದ್ದೇನೆ. ಇನ್ನೂ ಮೂವರು ಬೇಕು.

ಸ್ಮಾರ್ಟ್ ಬೋರ್ಡೇ ಬೇಕೆಂದು ಸಭೆ ತೀರ್ಮಾನಿಸಿದರೆ ನನ್ನ ಪಾಲಿನ ಹಣ ಹಿಂದೆ ಪಡೆಯುವುದಿಲ್ಲ. ಆದರೆ ಆಗಲೂ ರಿಪೇರಿಯ ಠೇವಣಿ ಮತ್ತು ಮಕ್ಕಳ ಫಲಕ ಎರಡನ್ನೂ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.