ಮಾಲೀಕನ ಕಣ್ಣು ಮತ್ತು ನೌಕರನ ಖಾಸಗಿತನ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಸಾಮಾನ್ಯ ಶಿಕ್ಷಕಿ. ಕಂಪ್ಯೂಟರ್ ತಜ್ಞೆಯೂ ಅಲ್ಲ, ವಕೀಲಳೂ ಅಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ.

ಆಕೆ ಬಿ.ಕಾಂ. ಮುಗಿಸಿ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. 2020ರಲ್ಲಿ ಲಾಕ್‌ಡೌನ್ ಬಂದಾಗ ಕಂಪನಿಯವರು ಕಂಪ್ಯೂಟರ್ ಕೊಟ್ಟು ಮನೆಯಿಂದಲೇ ಕೆಲಸ ಮಾಡಲು ಹೇಳಿದರು. ಕೆಲವು ನಿಮಿಷಗಳಿಗೊಮ್ಮೆ ಅದರ ಪರದೆಯ ಚಿತ್ರ ತಾನಾಗಿಯೇ ಕಚೇರಿಗೆ ಹೋಗುತ್ತಿತ್ತು. ಕ್ಯಾಮೆರಾ ಸದಾ ತೆರೆದಿರಬೇಕಿತ್ತು. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ತಾಯಿ, ತಂಗಿಯರು ಓಡಾಡುವ ಜಾಗ ಕ್ಯಾಮೆರಾಕ್ಕೆ ಬೀಳಬಾರದೆಂದು ತನ್ನ ಬೆನ್ನ ಹಿಂದೆ ಒಂದು ಹಳೆಯ ಚಾದರ್ ಕಟ್ಟಿಕೊಂಡು ಕುಳಿತುಕೊಳ್ಳುತ್ತಿದ್ದಳು. ಒಂದು ದಿನ ತಾಯಿಯ ಆಸ್ಪತ್ರೆಯ ರಿಪೋರ್ಟ್ ಇ-ಮೇಲ್‌ನಲ್ಲಿ ಬಂತು. ಆತುರದಲ್ಲಿ ಅದೇ ಕಂಪ್ಯೂಟರಿನಲ್ಲಿ ತೆರೆದು ಓದಿದಳು. ಎರಡು ದಿನದ ನಂತರ ಮೇಲಧಿಕಾರಿ ಫೋನ್ ಮಾಡಿ, "ನಿಮ್ಮ ತಾಯಿಯ ಕಾಯಿಲೆಯಿಂದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ ತಾನೇ?" ಎಂದು ಕೇಳಿದರಂತೆ. ಆ ವಿಷಯವನ್ನು ಆಕೆ ಮದುವೆಯಾಗಿ ಹೋದ ತನ್ನ ಅಕ್ಕನಿಗೂ ಇನ್ನೂ ಹೇಳಿರಲಿಲ್ಲ.

"ಟೀಚರ್, ತಪ್ಪು ನನ್ನದಾ, ಅವರದಾ?" ಎಂದು ಆಕೆ ನನ್ನನ್ನು ಕೇಳಿದಳು. ಅಂದು ನನ್ನ ಬಳಿ ಉತ್ತರ ಇರಲಿಲ್ಲ. ಆ ಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನೋಡುವುದು ಹೇಗೆ?

ವಿದ್ಯಾರ್ಥಿಗಳೇ, ನಾಳೆ ನೀವು ಬೆಂಗಳೂರು, ಮಂಗಳೂರು, ದುಬೈ, ರಿಯಾದ್ ಎಂದು ಕೆಲಸಕ್ಕೆ ಹೋಗುವವರು. ಒಂದು ಮಾತು ಮೊದಲೇ ತಿಳಿದಿರಲಿ. ಕಚೇರಿಯ ಕಂಪ್ಯೂಟರ್ ಕಚೇರಿಯದು. ನೀವು ಯಾವ ತಾಣಗಳಿಗೆ ಹೋದಿರಿ ಎಂಬ ಲೆಕ್ಕ ಕಚೇರಿಯ ನೆಟ್‌ವರ್ಕಿನಲ್ಲಿ ಉಳಿಯಬಹುದು. ಕಚೇರಿಯ ಇ-ಮೇಲ್ ಕಚೇರಿಯ ಸರ್ವರಿನಲ್ಲಿಯೇ ಇರುತ್ತದೆ. ಕೀಲಿಮಣೆಯಲ್ಲಿ ಒತ್ತಿದ ಪ್ರತಿ ಅಕ್ಷರವನ್ನು ದಾಖಲಿಸುವ ಸಾಫ್ಟ್‌ವೇರ್‌ಗಳೂ ಇವೆ. ವಾಟ್ಸ್ಆ್ಯಪ್ ಸಂದೇಶವನ್ನು ದಾರಿಯಲ್ಲಿ ಯಾರೂ ಓದಲಾರರು ಎಂದು ನೀವು ಹೇಳಬಹುದು. ನಿಜ. ಆದರೆ ಅದನ್ನು ಕಚೇರಿಯ ಕಂಪ್ಯೂಟರಿನಲ್ಲಿ ತೆರೆದರೆ, ಪರದೆಯ ಚಿತ್ರ ತೆಗೆಯುವ ಸಾಫ್ಟ್‌ವೇರ್‌ಗೆ ಅದು ತೆರೆದ ಪತ್ರವೇ. ಲಕೋಟೆ ಎಷ್ಟು ಗಟ್ಟಿಯಾಗಿದ್ದರೇನು, ಓದುವವನ ಹೆಗಲ ಮೇಲಿಂದ ಇಣುಕುವವನಿಗೆ ಲಕೋಟೆಯ ಹಂಗಿಲ್ಲ.

ಇದು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರ ಸಮಸ್ಯೆ ಮಾತ್ರವಲ್ಲ. ಉದ್ಯೋಗ ಖಾತರಿ ಯೋಜನೆಯ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೋ ತೆಗೆದು ದಾಖಲಿಸುವುದನ್ನು 2023ರ ಜನವರಿ 1ರಿಂದ ಕಡ್ಡಾಯ ಮಾಡಲಾಯಿತು. ನಮ್ಮ ಜಿಲ್ಲೆಯ ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಎಂಥದೆಂದು ನಿಮಗೆ ಗೊತ್ತು. ಫೋಟೋ ಹೋಗದಿದ್ದರೆ ದಿನವಿಡೀ ಮಣ್ಣು ಹೊತ್ತವನ ಕೂಲಿಗೇ ಕುತ್ತು. ಇಷ್ಟಾಗಿ ಮೋಸ ನಿಂತಿತೇ? ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ, ಸಂಬಂಧವಿಲ್ಲದ ಚಿತ್ರ ಹಾಕುತ್ತಿದ್ದಾರೆ ಎಂದು 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ಕಣ್ಣು ಇಟ್ಟ ಮಾತ್ರಕ್ಕೆ ಪ್ರಾಮಾಣಿಕತೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದವರು ನಮ್ಮ ಕರ್ನಾಟಕದವರೇ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ನೀಡಿತು: ಖಾಸಗಿತನ ಮೂಲಭೂತ ಹಕ್ಕು, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅದು ಅಡಗಿದೆ. ಅದಕ್ಕೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಅದಾಗಿ 12 ದಿನಗಳಿಗೆ, 2017ರ ಸೆಪ್ಟೆಂಬರ್ 5ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಿಂದ ಇನ್ನೊಂದು ತೀರ್ಪು ಬಂತು. ರೊಮೇನಿಯಾ ದೇಶದ ಬರ್ಬುಲೆಸ್ಕು ಎಂಬ ನೌಕರ ಗ್ರಾಹಕರೊಂದಿಗೆ ಮಾತನಾಡಲೆಂದು ತೆರೆದ ಯಾಹೂ ಮೆಸೆಂಜರ್ ಖಾತೆಯಿಂದ ತನ್ನ ಸಹೋದರನಿಗೂ ಮದುವೆ ನಿಶ್ಚಯವಾಗಿದ್ದ ಹುಡುಗಿಗೂ ಸಂದೇಶ ಕಳಿಸಿದ್ದ. ಕಂಪನಿ ಅವನ್ನೆಲ್ಲ ದಾಖಲಿಸಿ, 45 ಪುಟ ಮುದ್ರಿಸಿ ಅವನ ಮುಂದಿಟ್ಟು, 2007ರಲ್ಲಿ ಕೆಲಸದಿಂದ ತೆಗೆಯಿತು. ಕಚೇರಿಯ ಕಂಪ್ಯೂಟರನ್ನು ಸ್ವಂತಕ್ಕೆ ಬಳಸಬಾರದೆಂಬ ನಿಯಮ ಅಲ್ಲಿ ಇತ್ತು. ಆದರೂ 17 ನ್ಯಾಯಾಧೀಶರಲ್ಲಿ 11 ಮಂದಿ ನೌಕರನ ಪರವಾಗಿ ನಿಂತರು. ಬಳಸಬಾರದು ಎಂದು ಹೇಳುವುದು ಬೇರೆ, ನಿನ್ನ ಮಾತುಗಳನ್ನು ಓದುತ್ತೇವೆ ಎಂದು ಮುಂಚಿತವಾಗಿ ತಿಳಿಸುವುದು ಬೇರೆ. ಈ ಎರಡನೆಯದು ನಡೆದಿತ್ತೇ ಎಂದು ಅಲ್ಲಿನ ನ್ಯಾಯಾಲಯಗಳು ಸರಿಯಾಗಿ ನೋಡಲಿಲ್ಲ ಎಂಬುದು ತೀರ್ಪಿನ ತಿರುಳು.

ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದು ಹಂತ ಹಂತವಾಗಿ ಜಾರಿಯಾಗುವಂತೆ ಮಾಡಲಾಗಿದೆ. ಆದರೆ ಆ ಕಾಯ್ದೆಯ 7ನೇ ಕಲಮಿನಲ್ಲಿ ಒಂದು ಬಾಗಿಲು ತೆರೆದೇ ಇದೆ. ಉದ್ಯೋಗದ ಉದ್ದೇಶಕ್ಕೆ, ಅಥವಾ ಮಾಲೀಕನಿಗೆ ನಷ್ಟವಾಗದಂತೆ ತಡೆಯುವುದಕ್ಕೆ, ನೌಕರನ ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆಯೂ ಬಳಸಬಹುದು. ಆದ್ದರಿಂದ ಕಾನೂನು ಬಂತು ಎಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ರಾಜ್ಯದಲ್ಲಿ ಆ್ಯಪ್ ಮೂಲಕ ಊಟ, ಸಾಮಾನು ತಲುಪಿಸುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಆದ ಕಾಯ್ದೆ, ಅವರನ್ನು ಯಂತ್ರದ ಮೂಲಕ ಹೇಗೆ ಗಮನಿಸಲಾಗುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕೆಂದು ಕಂಪನಿಗಳಿಗೆ ಹೇಳುತ್ತದೆ. ಗಲ್ಫ್‌ಗೆ ಹೋಗುವವರಿಗೂ ಒಂದು ಮಾತು. ಯು.ಎ.ಇ.ಯಲ್ಲಿ 2021ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂದಿದೆ. ಸೌದಿ ಅರೇಬಿಯಾದಲ್ಲಿ ಅಂಥ ಕಾನೂನು 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದೆ.

ನಮ್ಮ ಭಾಷೆ, ನಮ್ಮ ಸಂಸ್ಕಾರ

ಕನ್ನಡದ 'ಖಾಸಗಿ' ಎಂಬ ಪದ ನಮ್ಮ ಉರ್ದುವಿನ 'ಖಾಸ್' ಎಂಬುದರ ಬಳಗದ್ದೇ. ಹಾಗೆಯೇ ಉರ್ದುವಿನ 'ಜಾಸೂಸ್' ಮತ್ತು 'ತಜಸ್ಸುಸ್' ಒಂದೇ ಅರಬಿ ಮೂಲದವು. ಸೂರಃ ಹುಜುರಾತ್‌ನ 12ನೇ ವಚನದಲ್ಲಿ ಈ ತಜಸ್ಸುಸ್ ಅನ್ನೇ, ಅಂದರೆ ಇನ್ನೊಬ್ಬರ ಗುಟ್ಟು ಹುಡುಕುವುದನ್ನೇ, ನಿಷೇಧಿಸಲಾಗಿದೆ. ಖಲೀಫಾ ಉಮರ್ (ರ) ಅವರ ಬಗ್ಗೆ ಪರಂಪರೆಯಲ್ಲಿ ಒಂದು ಪ್ರಸಂಗ ಹೇಳಿಬಂದಿದೆ. ರಾತ್ರಿ ಗಸ್ತಿನಲ್ಲಿ ಗೋಡೆ ಹತ್ತಿ ಒಬ್ಬನ ತಪ್ಪನ್ನು ಹಿಡಿದಾಗ ಆತ, "ನಾನು ಒಂದು ತಪ್ಪು ಮಾಡಿದ್ದರೆ ನೀವು ಮೂರು ಮಾಡಿದಿರಿ: ಇಣುಕಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಸಲಾಮ್ ಹೇಳಿ ಅನುಮತಿ ಕೇಳಲಿಲ್ಲ" ಎಂದನಂತೆ. ಅಮೀರುಲ್ ಮೂಮಿನೀನ್ ಅದನ್ನು ಒಪ್ಪಿಕೊಂಡರಂತೆ.

ಇಲ್ಲಿ ನನ್ನದೂ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಅವಳನ್ನು ಕೇಳದೆ ಓದಿದೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮನೆಯ ಕಷ್ಟ ಇತ್ತು. ಅದುವರೆಗೆ ಎರಡು ಪುಟ ಪ್ರಬಂಧ ಬರೆಯುತ್ತಿದ್ದ ಹುಡುಗಿ ಆ ಮೇಲೆ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲಿಲ್ಲ. ನೋಡುವ ಅಧಿಕಾರ ನಮಗಿದೆ ಎಂದು ಎಲ್ಲವನ್ನೂ ನೋಡಿದರೆ, ನಮ್ಮ ಮುಂದೆ ಮಕ್ಕಳು ಮನಸ್ಸು ಮುಚ್ಚಿಕೊಳ್ಳುತ್ತಾರೆ.

ಸದಸ್ಯರಲ್ಲಿ ವಿನಂತಿ

ಹಿರಿಯರೇ, ನಿಮ್ಮಲ್ಲಿ ಅನೇಕರು ಅಂಗಡಿ, ಕಚೇರಿ, ಸಂಸ್ಥೆಗಳ ಮಾಲೀಕರು. ದುಬೈಯಲ್ಲಿ ಕುಳಿತು ಊರಿನ ಅಂಗಡಿಯ ಹುಡುಗ ಏನು ಮಾಡುತ್ತಿದ್ದಾನೆಂದು ಫೋನಿನಲ್ಲಿ ನೋಡುವವರೂ ಇದ್ದೀರಿ. ಅಂಗಡಿ ನಿಮ್ಮದು, ಗಲ್ಲಾಪೆಟ್ಟಿಗೆ ನಿಮ್ಮದು, ಅದನ್ನು ಕಾಯುವುದು ನಿಮ್ಮ ಹಕ್ಕು. ಆದರೆ ಕ್ಯಾಮೆರಾ ಇದೆ ಎಂದು ಹುಡುಗನಿಗೆ ಮೊದಲೇ ಹೇಳಿ. ಗಲ್ಲಾದ ಮೇಲೆ ಇಡಿ. ಊಟ ಮಾಡುವ, ನಮಾಜ್ ಮಾಡುವ, ಬಟ್ಟೆ ಬದಲಿಸುವ ಜಾಗದಲ್ಲಿ ಬೇಡ. ಅವನ ಮಾತು ಕೇಳುವ ಮೈಕ್ ಬೇಡ. ಆ ಚಿತ್ರವನ್ನು ಗೆಳೆಯರ ಗುಂಪಿಗೆ ಹಾಕಿ ನಗಬೇಡಿ. ಬೇಕಾದ ದಿನ ಕಳೆದ ಮೇಲೆ ಅಳಿಸಿ. ನೌಕರನ ಮಾನವೂ ನಿಮ್ಮ ಕೈಯಲ್ಲಿರುವ ಒಂದು ಅಮಾನತ್.

ವಿದ್ಯಾರ್ಥಿಗಳಿಗೆ ಕಿವಿಮಾತು

ನೇಮಕಾತಿ ಪತ್ರವನ್ನು ಪೂರ್ತಿ ಓದಿ ಸಹಿ ಮಾಡಿ. ಏನನ್ನು ಗಮನಿಸುತ್ತೀರಿ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೀರಿ ಎಂದು ವಿನಯದಿಂದ ಬರವಣಿಗೆಯಲ್ಲಿ ಕೇಳಿ. ಬ್ಯಾಂಕ್, ಆಸ್ಪತ್ರೆ, ಮನೆಯ ಮಾತು ನಿಮ್ಮ ಸ್ವಂತ ಫೋನಿನಲ್ಲಿ, ನಿಮ್ಮ ಸ್ವಂತ ಇಂಟರ್ನೆಟ್‌ನಲ್ಲಿ, ಬಿಡುವಿನ ವೇಳೆಯಲ್ಲಿ ಇರಲಿ. ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಪಾಸ್‌ವರ್ಡ್ ಉಳಿಸಬೇಡಿ. ಕೆಲಸ ಬಿಡುವಾಗ ನಿಮ್ಮ ಖಾತೆಗಳಿಂದ ಹೊರಬನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಸಂಬಳ ಪಡೆಯುವ ವೇಳೆಯನ್ನು ಕದಿಯಬೇಡಿ. ವೇಳೆಯೂ ಅಮಾನತ್.

ಕೊನೆಗೆ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಮಗಳೇ, ಕಚೇರಿಯ ಕಂಪ್ಯೂಟರಿನಲ್ಲಿ ಆ ರಿಪೋರ್ಟ್ ತೆರೆದದ್ದು ನಿನ್ನ ಎಚ್ಚರಗೇಡು. ಕೆಲಸ ನೋಡಲು ಕೊಟ್ಟ ಕಣ್ಣಿನಿಂದ ನಿನ್ನ ತಾಯಿಯ ಕಾಯಿಲೆಯನ್ನು ಓದಿ, ಅದನ್ನು ನಿನ್ನ ವಿರುದ್ಧ ಮಾತಾಗಿ ಬಳಸಿದ್ದು ಅವರ ತಪ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆಕೆ ಈಗ ಬೇರೆ ಕಡೆ ಕೆಲಸದಲ್ಲಿದ್ದಾಳೆ. ಸೇರುವ ಮೊದಲು ಆ ಮೂರು ಪ್ರಶ್ನೆಗಳನ್ನೂ ಕೇಳಿದಳಂತೆ. ಅಲ್ಹಮ್ದುಲಿಲ್ಲಾಹ್, ಅವರು ಉತ್ತರವನ್ನೂ ಕೊಟ್ಟರಂತೆ.

ಇನ್ನೊಬ್ಬರ ಮಾನ ಕಾಯುವ ಮನಸ್ಸನ್ನು, ನಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.