ಗೇಟಿನ ಮುಂದೆ ಘೋಷಣೆ ಸಾಲದು, ಕೈಯಲ್ಲಿ ಟ್ರೇಡ್ ಸರ್ಟಿಫಿಕೇಟೂ ಬೇಕು!

(ಕಾರವಾರ, ಅಂಕೋಲಾ ಭಾಗದ ಯುವಕ ಯುವತಿಯರ ಮುಂದೆ ಆಡಿದ ಮಾತು)



ಇಂದು ನಾನು ನಾಮಫಲಕದ ಬಗ್ಗೆ ಮಾತಾಡುವುದಿಲ್ಲ. ಐಟಿಐ ಬಗ್ಗೆ, ಪಾಲಿಟೆಕ್ನಿಕ್ ಬಗ್ಗೆ ಮಾತಾಡುತ್ತೇನೆ. ಕನ್ನಡ ಚಳವಳಿಗೂ ಲೇಥ್ ಯಂತ್ರಕ್ಕೂ ಎಲ್ಲಿಯ ಸಂಬಂಧ ಎಂದು ನಗಬೇಡಿ. ಸಂಬಂಧ ಇದೆ, ಅದೂ ನಿಮ್ಮ ಊರಿನಲ್ಲೇ ಇದೆ.

1986ರಲ್ಲಿ ಇಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆಯಿತು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. 2005ರಲ್ಲಿ ನೌಕಾನೆಲೆ ಉದ್ಘಾಟನೆಯಾದಾಗ ಅದಕ್ಕೆ ಇಟ್ಟ ಹೆಸರು ಕದಂಬ. ಬನವಾಸಿಯ ನಮ್ಮ ಕದಂಬರ ಹೆಸರು! ಹೆಸರು ಕನ್ನಡದ್ದಾಯಿತು, ಸಂತೋಷ. ಒಳಗೆ ಸ್ಪ್ಯಾನರ್ ಹಿಡಿಯುವ ಕೈ ಯಾರದ್ದು? ಪ್ರಶ್ನೆ ಇರುವುದು ಅಲ್ಲಿ.

ಅದೇ 1986ರಲ್ಲಿ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟಿತು. ಕೇಂದ್ರದ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸ ನೂರಕ್ಕೆ ನೂರು ಕನ್ನಡಿಗರಿಗೆ ಸಿಗಬೇಕು ಎಂದಿತು. ಆ ವರದಿಗಾಗಿ ಬೀದಿಗಿಳಿದವರು ನಾವು, ಇಂದಿಗೂ ಕೇಳುತ್ತಿದ್ದೇವೆ. ಆದರೆ ಸಿ ದರ್ಜೆ ಎಂದರೆ ಏನು? ಗುಮಾಸ್ತನ ಕುರ್ಚಿಗಳು ಕೆಲವು. ಉಳಿದದ್ದರಲ್ಲಿ ಬಹುಪಾಲು ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಟರ್ನರ್. ಆ ಕೆಲಸಕ್ಕೆ ಕೇಳುವುದು ಬಿ.ಎ. ಪದವಿಯನ್ನಲ್ಲ, ಟ್ರೇಡ್ ಸರ್ಟಿಫಿಕೇಟನ್ನು. ಕೊಂಕಣ ರೈಲ್ವೆಯನ್ನೇ ನೋಡಿ. ಜಮೀನು ಕಳೆದುಕೊಂಡ ಕುಟುಂಬದವರಿಗೆ ಅಲ್ಲಿ ನೇಮಕಾತಿಯಲ್ಲಿ ಆದ್ಯತೆ ಇದೆ. ಆದರೂ ಟೆಕ್ನೀಷಿಯನ್ ಹುದ್ದೆಗೆ ಐಟಿಐ ಬೇಕೇ ಬೇಕು. ಅಪ್ಪ ಗದ್ದೆ ಕೊಟ್ಟ ಕಾಗದ ಮಗನ ಕೈಯಲ್ಲಿದೆ, ಐಟಿಐ ಕಾಗದ ಇಲ್ಲ. ಅರ್ಜಿ ಅಲ್ಲಿಗೇ ಬಿತ್ತು. ಇಂಥ ಕಡೆ ಯಾರ ವಿರುದ್ಧ ಧಿಕ್ಕಾರ ಕೂಗೋಣ, ಹೇಳಿ?

ಐಟಿಐ ಎಂದರೆ ಫೇಲಾದವರ ಜಾಗ ಎಂಬ ಮಾತು ನಮ್ಮ ಮನೆಗಳಲ್ಲಿ ಬೇರು ಬಿಟ್ಟಿದೆ. ಪಿಯುಸಿಗೆ ಸೀಟು ಸಿಗದಿದ್ದರೆ ನೋಡೋಣ ಎನ್ನುವ ತಂದೆತಾಯಿ ಎಷ್ಟು ಮಂದಿ! ಕಾರವಾರದ ನೌಕಾ ಹಡಗು ದುರಸ್ತಿ ಅಂಗಳ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲು ಹೊರಡಿಸಿದ ಪ್ರಕಟಣೆಗಳನ್ನು ಓದಿದ್ದೀರಾ? ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 50, ಐಟಿಐನಲ್ಲಿ ಶೇಕಡಾ 65 ಅಂಕ ಕೇಳಿದ್ದರು. ಕೈಗಾದ ಅಣುವಿದ್ಯುತ್ ಕೇಂದ್ರಕ್ಕೆ ತಂತ್ರಜ್ಞ ತರಬೇತಿಗೆ ಹೋಗಬೇಕಾದರೆ ಹತ್ತನೇ ತರಗತಿಯ ಗಣಿತ, ವಿಜ್ಞಾನದ ಅಂಕವನ್ನೂ ನೋಡುತ್ತಾರೆ. ಫೇಲಾದವರ ಜಾಗವಾಗಿದ್ದರೆ ಇಷ್ಟೆಲ್ಲ ಏಕೆ ಕೇಳುತ್ತಿದ್ದರು? ಕೈಗಾದ ಒಂದನೇ ಘಟಕ 2016ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಂದು ಸಲವೂ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತು. ವಿಜ್ಞಾನಿಗಳು ಮಾತ್ರ ಅದನ್ನು ಓಡಿಸಿದರೆಂದು ತಿಳಿಯಬೇಡಿ. ಪಾಳಿಯ ಮೇಲೆ ಪಾಳಿ ವಾಲ್ವು, ಪಂಪು, ಕೇಬಲ್ ಕಾದವರೂ ಓಡಿಸಿದ್ದಾರೆ.

ಇನ್ನೊಂದು ಭ್ರಮೆ: ಒಮ್ಮೆ ಐಟಿಐ ಸೇರಿದರೆ ಮುಂದಿನ ಓದಿನ ಬಾಗಿಲು ಮುಚ್ಚಿತು ಎನ್ನುವುದು. ಲೆಕ್ಕ ಹಾಕಿ. ಎರಡು ವರ್ಷದ ಟ್ರೇಡ್ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಹೋಗಬಹುದು. ಎರಡು, ಎರಡು, ಮೂರು. ಒಟ್ಟು ಏಳು ವರ್ಷ. ಪಿಯುಸಿ ಮಾಡಿ ಬಿ.ಇ.ಗೆ ಹೋದವನಿಗೆ ಆರು. ವ್ಯತ್ಯಾಸ ಒಂದೇ ವರ್ಷ! ಅವನು ನಡುವೆ ಎಡವಿದರೆ ಕೈಯಲ್ಲಿ ಪಿಯುಸಿ ಅಂಕಪಟ್ಟಿ ಮಾತ್ರ. ನೀವು ಎಡವಿದರೆ ಕೈಯಲ್ಲಿ ಕಸುಬು ಇರುತ್ತದೆ. ಸರ್ಕಾರಿ ಪಾಲಿಟೆಕ್ನಿಕ್ ಕಾರವಾರದಲ್ಲೇ ಇದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಮಾಜಾಳಿಯಲ್ಲಿದೆ. ಅಂಕೋಲಾದಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವಷ್ಟು ದೂರ. ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಓದು ಊರ ಬಾಗಿಲಿಗೇ ಬರಲಿ ಎಂದು ದುಡಿದರು. ಬಾಗಿಲಿಗೆ ಬಂದ ಓದನ್ನು ನಾವು ಕೀಳೆಂದು ಮೂಗು ಮುರಿಯುತ್ತಿದ್ದೇವೆ.

ಕನ್ನಡ ಮಾಧ್ಯಮದವರೇ, ಈಗ ನಿಮ್ಮ ಭಯಕ್ಕೆ ಬರುತ್ತೇನೆ. ತಾಂತ್ರಿಕ ಓದು ಇಂಗ್ಲಿಷಿನವರಿಗೆ ಮಾತ್ರ ಎಂದು ನಿಮಗೆ ಯಾರು ಹೇಳಿದರು? ಬೈತಖೋಲ ಬಂದರಿನಲ್ಲಿ ದೋಣಿಯ ಎಂಜಿನ್ ಬಿಚ್ಚಿ ಜೋಡಿಸುವವರಿಗೆ ಪಿಸ್ಟನ್, ಗ್ಯಾಸ್ಕೆಟ್, ನಾಜಲ್ ಎಂಬ ಪದ ಕಲಿಸಲು ಯಾವ ಕಾನ್ವೆಂಟೂ ಬರಲಿಲ್ಲ. ಮೈಕ್ರೊಮೀಟರ್ 0.01 ಮಿಲಿಮೀಟರ್ ತೋರಿಸಿದರೆ ಯಾವ ಭಾಷೆಯವನಿಗೂ ಅಷ್ಟೇ ತೋರಿಸುತ್ತದೆ. ಮೊದಲ ಆರು ತಿಂಗಳು ಡಿಪ್ಲೊಮಾದ ಪುಸ್ತಕ ಕಷ್ಟ ಕೊಡುತ್ತದೆ, ನಿಜ. ಸುಳ್ಳು ಹೇಳಿ ನಿಮ್ಮನ್ನು ಒಳಗೆ ತಳ್ಳುವುದಿಲ್ಲ. ಆದರೆ ಕಷ್ಟವೆಂದು ಓಡಿಬಂದರೆ ಆ ಬೆಂಚು ಖಾಲಿ ಉಳಿಯುವುದಿಲ್ಲ, ಬೇರೆಯವರು ಕೂರುತ್ತಾರೆ. ರೈಲ್ವೆಯ ಲೋಕೋಪೈಲಟ್, ಟೆಕ್ನೀಷಿಯನ್ ಪರೀಕ್ಷೆ ಇಂದು ಕನ್ನಡದಲ್ಲೇ ಬರೆಯಬಹುದು. 2021ರಲ್ಲಿ ಎಐಸಿಟಿಇ ಇಂಜಿನಿಯರಿಂಗನ್ನೇ ಭಾರತೀಯ ಭಾಷೆಗಳಲ್ಲಿ ಕಲಿಸಲು ಒಪ್ಪಿಗೆ ಕೊಟ್ಟಿತು, ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಹೋರಾಡಿ ಪಡೆದ ಹಕ್ಕು ಬಳಸುವವರಿಲ್ಲದೆ ಧೂಳು ತಿನ್ನಬಾರದು. ಹುಡುಗಿಯರಿಗೆ ವರ್ಕ್‌ಶಾಪ್ ಹೊಂದದು ಎನ್ನುವ ಮಾತಿಗೆ ಉತ್ತರ ಕೊಡುವುದೂ ದಂಡ. ವೈರಿಂಗ್ ಮಾಡಲು ಮೀಸೆ ಬೇಕಿಲ್ಲ.

ಆದರೆ ಎಚ್ಚರ! ಅಪ್ರೆಂಟಿಸ್ ಆದೆ, ಇನ್ನು ಕೆಲಸ ಖಾಯಂ ಎಂದು ಊರಿಗೆಲ್ಲ ಪೇಡೆ ಹಂಚಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅದು ತರಬೇತಿ. ಕೊಡುವುದು ಸಂಬಳವಲ್ಲ, ಸ್ಟೈಪೆಂಡ್. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಅಲ್ಲಿಲ್ಲ. ಅಲ್ಲಿ ನೀವು ಗಳಿಸುವುದು ಅನುಭವ ಮತ್ತು ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್. ಸ್ಥಳೀಯ ಅಪ್ರೆಂಟಿಸ್‌ಗಳನ್ನು ಮೊದಲು ಪರಿಗಣಿಸಿ ಎಂದು ಕೇಳುವುದು ನಮ್ಮ ಚಳವಳಿಯ ಕೆಲಸ. ಕೇಳಲು ಮೊದಲು ಅಂಥ ಹುಡುಗರ ಪಟ್ಟಿ ನಮ್ಮ ಹತ್ತಿರ ಇರಬೇಕಷ್ಟೆ.

ಎರಡನೇ ಎಚ್ಚರಿಕೆ. ಆರು ತಿಂಗಳಲ್ಲಿ ಡಿಪ್ಲೊಮಾ, ಗಲ್ಫ್‌ನಲ್ಲಿ ನೌಕರಿ ಗ್ಯಾರಂಟಿ ಎಂದು ಗೋಡೆಗೆ ಚೀಟಿ ಅಂಟಿಸುವವರು ಎಲ್ಲ ಊರಲ್ಲೂ ಇದ್ದಾರೆ. ನೀವು ಕೊಡುವ ದುಡ್ಡು ನಿಜ, ಅವರು ಕೊಡುವ ಹೊಳೆಯುವ ಕಾಗದ ಸರ್ಕಾರಿ ಅರ್ಜಿಯಲ್ಲಿ ನಡೆಯುವುದಿಲ್ಲ. ಹಣ ಕಟ್ಟುವ ಮುಂಚೆ ಕೌಂಟರಿನಲ್ಲಿ ನಿಂತು ಕೇಳಿ: ಕೋರ್ಸು ಮುಗಿದ ಮೇಲೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಬರುತ್ತದೋ ಇಲ್ಲವೋ? ಡಿಪ್ಲೊಮಾ ಆದರೆ ಎಐಸಿಟಿಇ ಮಾನ್ಯತೆ ಇದೆಯೋ ಇಲ್ಲವೋ? ನನಗೆ ಬೇಕಾದ ಟ್ರೇಡಿಗೇ ಮಾನ್ಯತೆ ಇದೆಯೋ, ಬೇರೆ ಟ್ರೇಡಿಗೋ? ಕನ್ನಡದಲ್ಲೇ ಕೇಳಿ. ಉತ್ತರವನ್ನು ಬರಹದಲ್ಲಿ ಕೊಡಿ ಎನ್ನಿ. ತಡವರಿಸಿದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಸೀದಾ ಕಾರವಾರದ ಸರ್ಕಾರಿ ಐಟಿಐ ಕಡೆ ನಡೆಯಿರಿ.